ಖಾಸಗಿ ಪ್ಯಾಕೇಜಿನ ಲಾಗಿನ್ ಕಾಟ: ಮೂರು ದಾರಿ ನೋಡಿದೆ, ವರ್ಡಾಚಿಯೋ ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವರ್ಡಾಚಿಯೋಗೆ. ನಮ್ಮದೇ ಕಂಪ್ಯೂಟರಿನಲ್ಲಿ ಓಡಿಸಿಕೊಳ್ಳುವ ರಿಜಿಸ್ಟ್ರಿ ಅದು, ಅಂದರೆ ಕೋಡಿನ ಪ್ಯಾಕೇಜುಗಳನ್ನು ಇಟ್ಟು ಬೇಕಾದಾಗ ಇಳಿಸಿಕೊಳ್ಳುವ ಉಗ್ರಾಣ. ಚಿಕ್ಕಮಗಳೂರಿನಲ್ಲಿ ಕೂತು ಕಾಫಿ ತೋಟಗಳಿಗೆ ಹಾಜರಿ, ಕೊಯ್ಲಿನ ತೂಕ, ಬಟವಾಡೆ ಲೆಕ್ಕದ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡ ನಮ್ಮದು. ತೂಕದ ಯಂತ್ರದಿಂದ ಅಂಕಿ ಓದುವುದು, ಕನ್ನಡದಲ್ಲಿ ಚೀಟಿ ಪ್ರಿಂಟ್ ಮಾಡುವುದು, ಇವೆಲ್ಲ ನಮ್ಮದೇ ಖಾಸಗಿ ಎನ್‌ಪಿಎಂ ಪ್ಯಾಕೇಜುಗಳು (ಎನ್‌ಪಿಎಂ ಅಂದರೆ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಸಾಧನ). ಮೊದಲು ಒಂದು ಬಾಡಿಗೆ ರಿಜಿಸ್ಟ್ರಿಯಲ್ಲಿ ಇಟ್ಟಿದ್ದೆವು. ಹೆಸರು ಬೇಡ. ವರ್ಷದ ದುಡ್ಡು ಮುಂಗಡ ಕಟ್ಟಿದ ಮೇಲೂ ಅಲ್ಲಿ ಟೋಕನ್ (ಪಾಸ್‌ವರ್ಡ್ ಬದಲು ತೋರಿಸುವ ಗುಟ್ಟಿನ ಚೀಟಿ) ಯಾವಾಗ ಕೆಲಸ ನಿಲ್ಲಿಸುತ್ತೆ ಅಂತ ಗೊತ್ತಾಗುತ್ತಿರಲಿಲ್ಲ. ಅದೂ ಕೊಯ್ಲಿನ ಭರಾಟೆಯಲ್ಲಿ, ತೋಟದ ರೈಟರ್ ಬಟವಾಡೆ ಪಟ್ಟಿಗೆ ಫೋನ್ ಮೇಲೆ ಫೋನ್ ಮಾಡುತ್ತಿರುವಾಗ. ಹಾಗಾಗಿ ಬೇರೆ ದಾರಿ ಹುಡುಕಿದೆ.

ಗಿಟ್‌ಹಬ್ ಪ್ಯಾಕೇಜಸ್ ಒಳ್ಳೆಯದೇ. ಕೋಡ್ ಹೇಗೂ ಅಲ್ಲೇ ಇರುತ್ತೆ, ಬೇರೆ ಖಾತೆ ಬೇಡ. ಉಚಿತ ಖಾತೆಗೆ 500 ಎಂಬಿ ಜಾಗ, ತಿಂಗಳಿಗೆ 1 ಜಿಬಿ ಡೌನ್‌ಲೋಡ್ ಸಿಗುತ್ತೆ, ಸಣ್ಣ ತಂಡಕ್ಕೆ ಸಾಕು. ಒಂದು ವಿಷಯ ಮಾತ್ರ ಗೊತ್ತಿರಬೇಕು: ಎನ್‌ಪಿಎಂ ಪ್ಯಾಕೇಜಿಗೆ 'ಕ್ಲಾಸಿಕ್' ಟೋಕನ್ನೇ ಬೇಕು, ಅದಕ್ಕೆ ಪ್ಯಾಕೇಜ್ ಓದುವ ಅನುಮತಿ ಟಿಕ್ ಆಗಿರಬೇಕು. ಹೊಸ ಮಾದರಿಯ 'ಫೈನ್-ಗ್ರೇನ್ಡ್' ಟೋಕನ್ ಎಷ್ಟು ಸಲ ಮಾಡಿದರೂ ಒಳಗೆ ಬಿಡುವುದಿಲ್ಲ.

ಎರಡನೆಯದು ಅಮೆಜಾನಿನ ರಿಜಿಸ್ಟ್ರಿ, ಕೋಡ್‌ಆರ್ಟಿಫ್ಯಾಕ್ಟ್. ಅಲ್ಲಿ ಟೋಕನ್ ಆಯಸ್ಸು ಹೆಚ್ಚೆಂದರೆ 12 ಗಂಟೆ. ಭದ್ರತೆಗೆ ಅದು ಸರಿಯೇ, ದೊಡ್ಡ ಕಂಪನಿಗೆ ಹೇಳಿ ಮಾಡಿಸಿದ ಹಾಗಿದೆ. ದಿನಾ ಬೆಳಗ್ಗೆ ಲಾಗಿನ್ ಕಮಾಂಡ್ ಹೊಡೆಯುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ಈಗ ನಿಜವಾದ ಕಾಟಕ್ಕೆ ಬರೋಣ. ಇದು ಯಾವ ರಿಜಿಸ್ಟ್ರಿಗೆ ಹೋದರೂ ಬರುತ್ತೆ. ಹೊಸ ವಿಳಾಸ ಹಾಕಿದೆ, ಹೊಸ ಟೋಕನ್ ಹಾಕಿದೆ, ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಚೆನ್ನಾಗಿ ಓಡಿತು. ಮೂಡಿಗೆರೆಯಿಂದ ಕೆಲಸ ಮಾಡುವ ನಮ್ಮ ಹುಡುಗ ಫೋನ್ ಮಾಡಿ "ಅಣ್ಣಾ, 401 ಬರ್ತಿದೆ" ಅಂದ. 401 ಅಂದರೆ ನೀನ್ಯಾರು ಗೊತ್ತಿಲ್ಲ ಅಂತ ಅರ್ಥ, ಹಾಗಾಗಿ ಯಾರಿಗಾದರೂ ಟೋಕನ್ ಮೇಲೇ ಅನುಮಾನ ಬರುತ್ತೆ ಅಲ್ವಾ? ಟೋಕನ್ ಬದಲಾಯಿಸಿದರೂ ಅದೇ 401.

ತಪ್ಪು ಇದ್ದದ್ದು ಪ್ಯಾಕೇಜ್-ಲಾಕ್ ಫೈಲಿನಲ್ಲಿ, ಅಂದರೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕು ಅಂತ ಎನ್‌ಪಿಎಂ ಬರೆದಿಡುವ ಪಟ್ಟಿಯಲ್ಲಿ. ಅದರಲ್ಲಿ ಪ್ರತಿ ಪ್ಯಾಕೇಜಿನ ಕೆಳಗೆ 'ರಿಸಾಲ್ವ್ಡ್' ಅಂತ ಒಂದು ಸಾಲು ಇರುತ್ತೆ, ಆ ಪ್ಯಾಕೇಜನ್ನು ಮೊದಲ ಸಲ ಎಲ್ಲಿಂದ ಇಳಿಸಿಕೊಂಡೆವೋ ಅದರ ಪೂರ್ತಿ ವಿಳಾಸ. ನಾವು ರಿಜಿಸ್ಟ್ರಿ ಬದಲಾಯಿಸಿದರೂ ಆ ಸಾಲು ಹಳೆಯ ವಿಳಾಸವನ್ನೇ ಹಿಡಿದುಕೊಂಡಿತ್ತು. ಎನ್‌ಪಿಎಂ ಸೀದಾ ಅಲ್ಲಿಗೆ ಹೋಗಿ ಬಾಗಿಲು ತಟ್ಟುತ್ತೆ. ಹೊಸ ಟೋಕನ್ ಹೊಸ ವಿಳಾಸಕ್ಕೆ ಮಾತ್ರ ಕಟ್ಟಿರುವುದರಿಂದ ಹಳೆಯ ಕಡೆಗೆ ಬರಿಗೈಲಿ ಹೋಗುತ್ತೆ, 401 ತಗೊಂಡು ಬರುತ್ತೆ. ನನ್ನ ಯಂತ್ರದಲ್ಲಿ ಹಳೆಯ ಫೈಲುಗಳು ಕ್ಯಾಶ್‌ನಲ್ಲಿ (ಒಮ್ಮೆ ಇಳಿಸಿದ್ದನ್ನು ಯಂತ್ರ ಇಟ್ಟುಕೊಳ್ಳುವ ಜಾಗ) ಇದ್ದವು, ಹಾಗಾಗಿ ಗೊತ್ತೇ ಆಗಲಿಲ್ಲ. ಲಾಕ್ ಫೈಲಿನಲ್ಲಿ ಸಾರ್ವಜನಿಕ ಎನ್‌ಪಿಎಂ ರಿಜಿಸ್ಟ್ರಿಯ ವಿಳಾಸ ಇದ್ದರೆ ಎನ್‌ಪಿಎಂ ತಾನೇ ಬದಲಾಯಿಸಿಕೊಳ್ಳುತ್ತೆ, ಬೇರೆಯವರ ವಿಳಾಸವನ್ನು ಹೇಳದೆ ಮುಟ್ಟುವುದಿಲ್ಲ.

ಲಾಕ್ ಫೈಲನ್ನೇ ಅಳಿಸಿ ಹೊಸದು ಮಾಡು ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ, ಬೇರೆ ಪ್ಯಾಕೇಜುಗಳ ಆವೃತ್ತಿಗಳೂ ಸುಮ್ನೆ ಬದಲಾಗಿಬಿಡುತ್ತವೆ. ಆ ಫೈಲಿನಲ್ಲಿ ಹಳೆಯ ವಿಳಾಸ ಹುಡುಕಿ, ನಿಮ್ಮ ಪ್ಯಾಕೇಜುಗಳ ಸಾಲುಗಳಿಗೆ ಮಾತ್ರ ಹೊಸ ವಿಳಾಸ ಹಾಕಿ. ಆಮೇಲೆ ಕ್ಯಾಶ್ ಇಲ್ಲದ ಯಂತ್ರದಲ್ಲಿ ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ಇನ್ನೊಂದು ಮಾತು: ಇರುವ ಪ್ಯಾಕೇಜಿಗೇ 404, ಅಂದರೆ ಅಂಥದ್ದು ಇಲ್ಲ ಅಂತ ಬಂದರೆ ಗಾಬರಿ ಬೇಡ. ಗುರುತು ಸಿಗದವರಿಗೆ ಖಾಸಗಿ ಪ್ಯಾಕೇಜು ಇದೆ ಅನ್ನುವುದನ್ನೂ ಹೇಳಬಾರದು ಅಂತ ಕೆಲವು ರಿಜಿಸ್ಟ್ರಿಗಳು ಹಾಗೆ ಉತ್ತರಿಸುತ್ತವೆ. ಅದೂ ಲಾಗಿನ್ ತೊಂದರೆಯೇ.

ವರ್ಡಾಚಿಯೋ ನನಗೆ ಹಿಡಿಸಿದ್ದು ಇಲ್ಲೇ. ನಮ್ಮ ಪ್ಯಾಕೇಜೂ ಹೊರಗಿನ ಪ್ಯಾಕೇಜೂ ಒಂದೇ ವಿಳಾಸದಿಂದ ಬರುತ್ತವೆ, ಒಂದೇ ಟೋಕನ್. ಐಜಿ ರಸ್ತೆಯ ನಮ್ಮ ಆಫೀಸಿನ ಹಳೆಯ ಕಂಪ್ಯೂಟರಿನಲ್ಲೇ 4873ನೇ ಪೋರ್ಟಿನಲ್ಲಿ ಓಡುತ್ತಿದೆ. ಒಮ್ಮೆ ತಂದ ಹೊರಗಿನ ಪ್ಯಾಕೇಜನ್ನು ಇಟ್ಟುಕೊಳ್ಳುತ್ತೆ. ಆಷಾಢದ ಗಾಳಿಗೆ ಮರ ಬಿದ್ದು ಕೇಬಲ್ ಹರಿದರೆ ಇಲ್ಲಿ ನೆಟ್ ಯಾವಾಗ ಬರುತ್ತೆ ಹೇಳೋಕಾಗಲ್ಲ. ಆಗಲೂ ಆಫೀಸಿನ ಒಳಗೆ ಇನ್‌ಸ್ಟಾಲ್ ನಡೆಯುತ್ತೆ. ಮೂಡಿಗೆರೆಯ ಹುಡುಗನಿಗೆ ಮಾತ್ರ ಅವತ್ತು ಸಿಗುವುದಿಲ್ಲ, ಅದು ಇದರ ಕೊರತೆ.

ಹಾಕುವವರು ಎರಡು ಕೆಲಸ ಮರೆಯಬೇಡಿ. ಮೊದಲಿಗೆ ಅದರ ಸೆಟ್ಟಿಂಗಿನಲ್ಲಿ ಯಾರು ಬೇಕಾದರೂ ಪ್ಯಾಕೇಜ್ ಓದಬಹುದು ಅಂತಿರುತ್ತೆ, ಲಾಗಿನ್ ಆದವರಿಗೆ ಮಾತ್ರ ಅಂತ ಬದಲಾಯಿಸಿ. ಹೊಸಬರು ತಾವೇ ಖಾತೆ ತೆರೆಯುವುದನ್ನೂ ನಿಲ್ಲಿಸಿ. ಆಮೇಲೆ ಪ್ಯಾಕೇಜುಗಳ ಜೊತೆ ಅದರ ಪುಟ್ಟ ಡೇಟಾಬೇಸ್ ಫೈಲನ್ನೂ ಬ್ಯಾಕಪ್ ತಗೊಳ್ಳಿ. ಟೋಕನ್‌ಗಳಿಗೆ ಬೇಕಾದ ಗುಟ್ಟಿನ ಕೀ ಅದರಲ್ಲಿರುತ್ತೆ, ಅದು ಹೋದರೆ ಎಲ್ಲರ ಟೋಕನ್ನೂ ಒಟ್ಟಿಗೆ ಹೋಗುತ್ತೆ.

ನಿಮ್ಮ ತಂಡ ಊರೂರಲ್ಲಿ ಹರಡಿದ್ದರೆ, ಸರ್ವರ್ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಗಿಟ್‌ಹಬ್ಬೇ ಸರಿ. ನಾವು ಜಾಸ್ತಿ ಜನ ಒಂದೇ ಕೋಣೆಯಲ್ಲಿ ಕೂರುತ್ತೇವೆ, ಬಾಡಿಗೆ ರಿಜಿಸ್ಟ್ರಿಗೆ ಕಟ್ಟುತ್ತಿದ್ದ ದುಡ್ಡಿಗೆ ಈ ವರ್ಷ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇವೆ.