ಕಣ್ಣಿಗೆ ಕತ್ತಲಿ ಅಂದ್ರೆ ಕಣ್ಣಿನ ಡಾಕ್ಟರಲ್ಲ: ನಮ್ಮ ಕಡೆಯ ಹೊಸ ಮಿಷನ್ ದವಾಖಾನೆ

ಯಾದಗಿರಿ ಜಿಲ್ಲೆಯಲ್ಲಿ ನಮ್ಮ ಊರ ಹತ್ತಿರ ಒಂದು ಮಿಷನ್ ದವಾಖಾನೆ ಶುರುವಾಗಿ ಏಳೆಂಟು ತಿಂಗಳಾಯಿತು. ಕೇರಳದ ಸಿಸ್ಟರ್‌ಗಳು ನಡೆಸುತ್ತಾರೆ. ಹೆಸರು ಬರೆಯೋದಿಲ್ಲ, ಯಾಕಂದ್ರೆ ಇದರಲ್ಲಿ ಬೈಗುಳವೂ ಇದೆ. ಅವ್ವನ ಶುಗರ್‌ಗೆ, ಕಾಲಿನ ಗಾಯಕ್ಕೆ ಅಂತ ಐದು ಸಲ ಹೋಗಿ ಬಂದಿದ್ದೇನೆ.

ಡ್ರೆಸ್ಸಿಂಗ್ ಬಗ್ಗೆ ಮೊದಲು ಹೇಳಬೇಕು. ಇಷ್ಟು ದಿನ ಎಲ್ಲಿ ಹೋದರೂ ಡಾಕ್ಟರು ಕುರ್ಚಿಯಲ್ಲೇ ಕೂತು, ದೂರದಿಂದ ಕಾಲು ನೋಡಿ ಗುಳಿಗೆ ಬರೆದು ಕೊಡುತ್ತಿದ್ದರು. ಇಲ್ಲಿ ಒಬ್ಬ ಸಿಸ್ಟರ್ ಕೆಳಗೆ ಕೂತು, ಅವ್ವನ ಕಾಲು ತಮ್ಮ ತೊಡೆ ಮೇಲೆ ಇಟ್ಟುಕೊಂಡು, ಬೆರಳ ಸಂದಿ ಎಲ್ಲಾ ಒರೆಸಿ, ಆಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಎಳೆಯಿಂದ ಅಂಗಾಲು ಅಲ್ಲಲ್ಲಿ ಒತ್ತಿ 'ಗೊತ್ತಾಗುತ್ತಾ?' ಅಂತ ಕೇಳಿದರು. ಮೂರು ಕಡೆ ಅವ್ವನಿಗೆ ಗೊತ್ತೇ ಆಗಲಿಲ್ಲ. ಶುಗರ್ ಬಹಳ ವರ್ಷ ಇದ್ದರೆ ಕಾಲಿನ ನರ ಮಂಕಾಗುತ್ತೆ, ತೊಗರಿ ಕೂಳಿ ಚುಚ್ಚಿದರೂ ತಿಳಿಯಲ್ಲ, ಹೊಲಕ್ಕೆ ಚಪ್ಪಲಿ ಹಾಕದೆ ಹೋಗಬೇಡಿ ಅಂದರು. ಹನ್ನೊಂದು ವರ್ಷದಿಂದ ಗುಳಿಗೆ ನುಂಗುತ್ತಿದ್ದಾಳೆ, ಇಷ್ಟು ಹೇಳಿದವರು ಯಾರೂ ಇರಲಿಲ್ಲ. ಮೂರು ವಾರದಲ್ಲಿ ಗಾಯ ಒಣಗಿತು. ಚೀಟಿಗೆ 50 ರೂಪಾಯಿ, ಏಳು ದಿನ ನಡೆಯುತ್ತೆ. ಕಕ್ಕಸು ಸ್ವಚ್ಛ. ಅಷ್ಟು ಸಾಕು ನನಗೆ.

ಈಗ ಮೂರನೇ ಸಲದ ಕಥೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂದಿದ್ದರು. ನಾವು ಆರು ಗಂಟೆಗೇ ಟಂಟಂ ಹಿಡಿದು ಏಳಕ್ಕೆ ಬಾಗಿಲಲ್ಲಿದ್ದೆವು. ಲ್ಯಾಬ್ ತೆಗೆಯೋದು ಒಂಬತ್ತೂವರೆಗೆ ಅಂತ ಯಾರೂ ಹೇಳಿರಲಿಲ್ಲ. ಅವ್ವ ರೂಢಿಯಂತೆ ಬೆಳಗ್ಗೆಯೇ ಶುಗರ್ ಗುಳಿಗೆ ನುಂಗಿದ್ದಳು, ಅದು ನನಗೂ ಗೊತ್ತಿರಲಿಲ್ಲ. ಒಂಬತ್ತರ ಹೊತ್ತಿಗೆ ಬೆವರಲಿಕ್ಕೆ ಶುರು ಮಾಡಿದಳು. ಕೌಂಟರ್ ಹತ್ತಿರ ಹೋಗಿ 'ಕಣ್ಣಿಗಿ ಕತ್ತಲಿ ಬರ್ಲತ್ತಾವ್ರಿ ಯವ್ವಾ' ಅಂದಳು. ಕೌಂಟರ್ ಹುಡುಗಿಗೆ ಕನ್ನಡ ಬರೋದೇ ಅಷ್ಟಕ್ಕಷ್ಟೆ, ಕಣ್ಣು ಅನ್ನೋದೊಂದು ತಿಳೀತು, ಕಣ್ಣಿನ ವಿಭಾಗಕ್ಕೆ ಚೀಟಿ ಮಾಡಿಕೊಟ್ಟಳು! ನಾನು ಹೊರಗೆ ಹೋಗಿ ಬರೋದರೊಳಗೆ ಅವ್ವ ಕಣ್ಣಿನ ಡಾಕ್ಟರ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು.

ನೆಲ ಒರೆಸುತ್ತಿದ್ದ ತಾಂಡಾದ ಆಯಾ ಒಬ್ಬರು ಅವಳ ಮುಖ ನೋಡಿ ಬಕೆಟ್ ಬಿಟ್ಟು ಓಡಿದರು. 'ಸಿಸ್ಟರ್, ಚಕ್ಕರ್! ಚಕ್ಕರ್!' ತಲೆ ಸುತ್ತು ಅಂತ, ಅಷ್ಟೇ. ಲಂಬಾಣಿ, ಕನ್ನಡ, ಮಲಯಾಳಂ ಎಲ್ಲದಕ್ಕೂ ಆ ಒಂದು ಶಬ್ದ ಸಾಕಾಯಿತು. ಬೆರಳು ಚುಚ್ಚಿ ನೋಡಿದರೆ ಶುಗರ್ 54. ಗುಳಿಗೆ ನುಂಗಿ ಉಪವಾಸ ಕೂತರೆ ಹೀಗೇ ಆಗೋದು, 70ಕ್ಕಿಂತ ಕೆಳಗೆ ಇಳಿದರೆ ತಡ ಮಾಡಬಾರದು ಅಂದರು ಡಾಕ್ಟರು. ತಕ್ಷಣ ಗ್ಲೂಕೋಸ್ ಕುಡಿಸಿದರು, ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಿದರು. ಚಿಕಿತ್ಸೆಯಲ್ಲಿ ತಪ್ಪು ಹುಡುಕಲಾರೆ. ಆದರೆ ಆ ಆಯಾ ಅವತ್ತು ರಜೆ ಹಾಕಿದ್ದರೆ?

ಬೇರೆ ಊರಿನಿಂದ ಬಂದವರು, ಭಾಷೆಗೆ ಸ್ವಲ್ಪ ದಿನ ಬೇಕು, ಒಪ್ಪುತ್ತೇನೆ. ಆದರೆ ಮಿಷನ್ ದವಾಖಾನೆ ಅನ್ನೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಅಮೆರಿಕದ ಮೆಥಡಿಸ್ಟ್ ಪಂಥದ ಕ್ರೈಸ್ತ ಮಿಷನರಿಗಳು ನಿಜಾಮರ ಕಾಲದಲ್ಲೇ ಯಾದಗಿರಿಗೆ ಬಂದು ಹೋಲ್‌ಸ್ಟನ್ ಆಸ್ಪತ್ರೆ ಕಟ್ಟಿದರು. ತಮಿಳುನಾಡಿನ ವೆಲ್ಲೂರಿನಲ್ಲಿ ಅಮೆರಿಕದ ಮಿಷನ್ ಡಾಕ್ಟರ್ ಐಡಾ ಸ್ಕಡರ್ 1900ರಲ್ಲಿ ದವಾಖಾನೆ ಶುರು ಮಾಡಿದ್ದು ಒಂದೇ ಹಾಸಿಗೆಯಿಂದ. ಎರಡು ವರ್ಷಕ್ಕೆ 40 ಹಾಸಿಗೆ ಆಯಿತು, 1909ಕ್ಕೆ ನರ್ಸ್ ಶಾಲೆ, 1918ಕ್ಕೆ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಅಂದ್ರೆ ಯಂತ್ರ ತರಿಸಿದ ಹಾಗೇ ಅಲ್ಲಿಯ ಹುಡುಗಿಯರನ್ನೂ ಕೆಲಸಕ್ಕೆ ತಯಾರು ಮಾಡಿದರು. ಇಲ್ಲಿ ಪಿಯುಸಿ ಮುಗಿಸಿ ಬೆಂಗಳೂರಿಗೆ ಗುಳೆ ಹೋಗೋ ಹುಡುಗಿಯರು ಊರಿಗೆ ಹತ್ತು ಜನ ಸಿಗುತ್ತಾರೆ. ಇಬ್ಬರನ್ನು ಕೌಂಟರಲ್ಲಿ ಕೂರಿಸೋದು ಅಷ್ಟು ಕಷ್ಟವಾ?

ಊಟದ ಪಟ್ಟಿ ಬಗ್ಗೆಯೂ ಹೇಳಿಬಿಡುತ್ತೇನೆ. ಅಚ್ಚು ಹಾಕಿಸಿದ ಹಾಳೆ, ಕನ್ನಡದಲ್ಲೇ ಇದೆ, ಸಂತೋಷ. ಅನ್ನ ಕಡಿಮೆ ಮಾಡಿ, ತೆಂಗಿನಕಾಯಿ ಕಡಿಮೆ ಮಾಡಿ, ಓಟ್ಸ್ ತಿನ್ನಿ ಅಂತಿದೆ. ನಮ್ಮವ್ವ ಅನ್ನ ಉಣ್ಣೋದು ಹಬ್ಬಕ್ಕೆ, ತೆಂಗಿನಕಾಯಿ ಒಡೆಯೋದು ದೇವರ ಮುಂದೆ. ದಿನಾ ಜೋಳದ ರೊಟ್ಟಿ, ಪುಂಡಿ ಪಲ್ಯ. ಎಷ್ಟು ರೊಟ್ಟಿ ತಿನ್ನಬೇಕು ಅಂತ ಹಾಳೆಯಲ್ಲಿ ಎಲ್ಲೂ ಇಲ್ಲ. ನಾನೇ ಕೇಳಿದೆ. ಸಿಸ್ಟರ್ 'ಒಂದು ರೊಟ್ಟಿ ಎಷ್ಟು ದೊಡ್ಡದು?' ಅಂದರು. ಕೈ ಅಗಲಿಸಿ ತೋರಿಸಿದೆ, ನಕ್ಕರು. ಮುಂದಿನ ಸಲ ಒಂದು ತನ್ನಿ ಅಂದರು. ತಗೊಂಡು ಹೋದೆ, ತೂಕದ ಯಂತ್ರದ ಮೇಲೆ ಇಟ್ಟು ನೋಡಿ, ಹೊತ್ತಿಗೆ ಒಂದೂವರೆ ಸಾಕು ಅಂದರು. ಅವ್ವನಿಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ.

ಹೋಗೋರು ಒಂದು ಮಾತು ನೆನಪಿಡಿ. ಆಯುಷ್ಮಾನ್ ಕಾರ್ಡ್ ಇಲ್ಲಿ ಇನ್ನೂ ನಡೆಯಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅನ್ನೋ ಆ ಯೋಜನೆ ನಂಬಿಕೊಂಡು ಅಡ್ಮಿಟ್ ಆದರೆ ರೊಕ್ಕ ಕೈಯಿಂದಲೇ ಕಟ್ಟಬೇಕಾಗುತ್ತೆ. ದೊಡ್ಡ ಆಪರೇಷನ್ ಇದ್ದರೆ ಕಾರ್ಡ್ ನಡೆಯೋ ಕಡೆ ಹೋಗಿ. ಗಾಯ, ಶುಗರ್, ಜ್ವರಕ್ಕೆ ಧೈರ್ಯವಾಗಿ ಬನ್ನಿ. ರಕ್ತ ಪರೀಕ್ಷೆ ಇದ್ದರೆ ಬೆಳಗಿನ ಗುಳಿಗೆ ಏನು ಮಾಡಬೇಕು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ, ಬುತ್ತಿ ಜೊತೆಗಿರಲಿ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಅರ್ಧ ಆ ಆಯಾದು. ಹೋದ ವಾರ ಹೋದಾಗ ಲ್ಯಾಬ್ ಏಳೂವರೆಗೇ ತೆರೆದಿತ್ತು. ಕೌಂಟರಲ್ಲಿ ಮಾತ್ರ ಅದೇ ಹುಡುಗಿ. ಅವ್ವನನ್ನು ನೋಡಿದ ಕೂಡಲೇ ಎದ್ದು ನಿಂತು, 'ಚಕ್ಕರ್ ಇಲ್ಲ ಅಲ್ವಾ ಅಮ್ಮಾ?' ಅಂದಳು.