ಸೆರ್ಬಿಯಾದ ಸ್ವಾಯತ್ತ ಏಕಸ್ವಾಮ್ಯ ಆಡಳಿತ: ಹಣ ಕಾಯುವ ಸೇವೆಗೆ ಐದಕ್ಕೆ ನಾಲ್ಕು

ಸಾರ್ವಜನಿಕ ಹಣ ಕಾಯಲು ಸೆರ್ಬಿಯಾದ ರಾಜಸತ್ತೆ ಮಾಡಿಕೊಂಡ ಏರ್ಪಾಡುಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಸ್ವಾಯತ್ತ ಏಕಸ್ವಾಮ್ಯ ಆಡಳಿತ, ಅಂದರೆ ಸರ್ಕಾರಕ್ಕೆ ಮಾತ್ರ ಮಾರುವ ಹಕ್ಕಿದ್ದ ತಂಬಾಕು, ಉಪ್ಪಿನಂಥ ಸರಕುಗಳ ಆದಾಯ ನೋಡಿಕೊಳ್ಳುತ್ತಿದ್ದ ಮಂಡಳಿ. ಮಂತ್ರಿಯ ಕೈಬಾಯಿ ಶುದ್ಧವಾಗಿದೆಯೇ ಎಂದು ಕೇಳುತ್ತ ಕೂರದೆ, ಹಣ ಆ ಕೈಗೆ ಸೇರುವ ಮೊದಲೇ ಸಾಲದ ಕಂತನ್ನು ಎತ್ತಿಡುತ್ತಿತ್ತು.

ಬೆಲ್‌ಗ್ರೇಡಿನಿಂದ ನಿಶ್, ವ್ರಾನ್ಯೆಯತ್ತ ಹೋಗುವ ರೈಲುಮಾರ್ಗಕ್ಕೆ ಸಾಲ ಒದಗಿಸಲು ಒಪ್ಪಿದ್ದ ಪ್ಯಾರಿಸ್ಸಿನ ಯೂನಿಯನ್ ಜೆನೆರಾಲ್ ಬ್ಯಾಂಕು 1882ರ ಜನವರಿಯಲ್ಲಿ ದಿವಾಳಿಯಾಯಿತು. ಆಮೇಲೆ ಸಾಲದ ಮೇಲೆ ಸಾಲ. 1895ರಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ ಆದ ಒಪ್ಪಂದದಂತೆ ಹಳೆಯ ಸಾಲಗಳೆಲ್ಲ ಶೇ. 4ರ ಬಡ್ಡಿಯ ಒಂದೇ ಸಾಲಕ್ಕೆ ಸೇರಿದವು, ಅದರ ಕಂತು ತೀರಿಸುವ ಹೊಣೆ ಈ ಆಡಳಿತಕ್ಕೆ ಬಂತು. ಮೊತ್ತ ಸುಮಾರು 35.5 ಕೋಟಿ ಫ್ರಾಂಕ್. ಪೂರ್ತಿ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಬಡ್ಡಿಯೊಂದೇ ವರ್ಷಕ್ಕೆ ಸುಮಾರು 1.42 ಕೋಟಿ. ಆಗ ಸೆರ್ಬಿಯಾದ ಒಂದು ದಿನಾರ್ ಎಂದರೆ ಒಂದು ಫ್ರಾಂಕ್, ಹಾಗಾಗಿ ಲೆಕ್ಕ ಸರಳ.

ಕೆಲಸದ ಬಗೆಯೂ ಸರಳ. ‘ಟ್ರಾಫಿಕ’ ಎನ್ನುವ ಗೂಡಂಗಡಿಯಲ್ಲಿ ಒಬ್ಬ ರೈತ ಒಂದು ಪೊಟ್ಟಣ ತಂಬಾಕು ಕೊಳ್ಳುತ್ತಾನೆ. ಅದರಿಂದ ಬಂದ ಆದಾಯ ನೇರ ಖಜಾನೆಗೆ ಹೋಗದೆ ಆಡಳಿತದ ಲೆಕ್ಕಕ್ಕೆ ಬೀಳುತ್ತದೆ. ಉಪ್ಪು, ಸೀಮೆಎಣ್ಣೆ, ಬೆಂಕಿಕಡ್ಡಿ, ಸಿಗರೇಟ್ ಕಾಗದಕ್ಕೂ ಇದೇ ದಾರಿ. ಮೊದಲು ಕಂತು, ಉಳಿದರೆ ಸರ್ಕಾರಕ್ಕೆ. ಮಂಡಳಿಯಲ್ಲಿ ಆರು ಜನ: ನಾಲ್ವರು ಸೆರ್ಬಿಯಾದವರು, ಇಬ್ಬರು ಸಾಲಪತ್ರ ಹಿಡಿದ ವಿದೇಶಿಯರ ಪ್ರತಿನಿಧಿಗಳು.

ಲೆಕ್ಕ ತಪಾಸಣೆಗೆ 1844ರಿಂದಲೇ ‘ಗ್ಲಾವ್ನಾ ಕೊಂತ್ರೋಲಾ’ ಇತ್ತಲ್ಲ ಎನ್ನಬಹುದು. ಇತ್ತು, ಆದರೆ ಅದು ನೋಡುತ್ತಿದ್ದುದು ಖರ್ಚಾದ ಮೇಲಿನ ಲೆಕ್ಕ. ಆ ವರದಿಗೆ ಬಲ ಬರಬೇಕಾದರೆ ಸ್ವತಂತ್ರ ಶಾಸನಸಭೆ ಬೇಕು. 1894ರಲ್ಲಿ ದೊರೆ ಅಲೆಕ್ಸಾಂದರ್ ಒಬ್ರೆನೋವಿಚ್ 1888ರ ಸಂವಿಧಾನವನ್ನೇ ಬದಿಗಿಟ್ಟು 1869ರದನ್ನು ಮರಳಿ ತಂದ. ಅದರಲ್ಲಿ ಚುನಾಯಿತರಾದ ಮೂವರಿಗೆ ಒಬ್ಬನನ್ನು ದೊರೆಯೇ ನೇಮಿಸಬಹುದಿತ್ತು. ಸಂವಿಧಾನವನ್ನು ಹೀಗೆ ಎತ್ತಿ ಇಟ್ಟವನಿಗೆ ಮರುವರ್ಷವೇ ತಂಬಾಕಿನ ಆದಾಯವನ್ನು ಈ ಮಂಡಳಿಗೆ ಬಿಟ್ಟುಕೊಡಬೇಕಾಗಿ ಬಂತು. ಸ್ವಂತ ಪ್ರಜೆಗಳ ಸಭೆಗೆ ಸಿಗದ ಹಿಡಿತ ಸಾಲ ಕೊಟ್ಟ ಹೊರಗಿನವರಿಗೆ ಸಿಕ್ಕಿತಲ್ಲ ಎಂಬುದು ನೋವಿನ ಮಾತೇ.

ಫಲ ಕಂಡಿತು. 1906ರಲ್ಲಿ ಆಸ್ಟ್ರಿಯಾ-ಹಂಗೇರಿ ಸೆರ್ಬಿಯಾದ ಹಂದಿ, ದನಗಳಿಗೆ ಗಡಿ ಮುಚ್ಚಿ ಸುಂಕದ ಸಮರ ಹೂಡಿದ ಕಾಲದಲ್ಲೂ ಸಾಲ ಹುಟ್ಟಿತು: ಆ ವರ್ಷ 9.5 ಕೋಟಿ, 1909ರಲ್ಲಿ 15 ಕೋಟಿ ಫ್ರಾಂಕ್, ಎರಡಕ್ಕೂ ಬಡ್ಡಿ ಶೇ. 4.5. ಮೂಲತಃ ವೈದ್ಯರಾದ ಹಣಕಾಸು ಮಂತ್ರಿ ಲಾಜಾರ್ ಪಾಚು ಅವರ ಬಿಗಿ ಕೈಗೂ ಇದರಲ್ಲಿ ಪಾಲಿದೆ.

ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಎರಡು ಕಾರಣ. ಉಪ್ಪಿನ ಮೇಲಿನ ಹೊರೆ ಬಡವನಿಗೂ ಸಿರಿವಂತನಿಗೂ ಒಂದೇ. ಎರಡನೆಯದು, ಮಂಡಳಿ ಕಾದದ್ದು ಸಾಲ ತೀರುವ ದಾರಿಯನ್ನು ಮಾತ್ರ, ಹೊಸ ಸಾಲ ಖರ್ಚಾಗುವ ದಾರಿಯನ್ನಲ್ಲ. 1906ರ ಸಾಲ ಫ್ರಾನ್ಸಿನಿಂದ ಬಂತು, ಫಿರಂಗಿಗಳೂ ಅಲ್ಲಿನ ಶ್ನೈಡರ್ ಕಂಪನಿಯಿಂದಲೇ ಬಂದವು. ಆಸ್ಟ್ರಿಯಾ-ಹಂಗೇರಿಯ ಶ್ಕೋಡಾ ಕಂಪನಿಯ ಫಿರಂಗಿ ಬೇಕೋ ಶ್ನೈಡರ್‌ನದು ಬೇಕೋ ಎಂಬ ಜಗಳ ನಡೆದದ್ದು ಈ ಆರು ಜನರ ಮೇಜಿನಿಂದ ಹೊರಗೆ.