ಕಾಮೆಂಟ್ ಸೂಪರ್, ಆದ್ರೆ ಕೈಗೆ ಸಿಕ್ಕಿದ್ದು ಲೇಟು
ಹಾಸನದಲ್ಲಿ ಕೆಲಸ ಮಾಡ್ಕೊಂಡೇ ದೂರಶಿಕ್ಷಣದಲ್ಲಿ ಹಿಸ್ಟರಿ ಎಂಎ ಮಾಡ್ತಿದ್ದೀನಿ, ಸೆಂಟರ್ ಹೆಸರು ಬೇಡ ಬಿಡಿ. ಮೊದಲ ಅಸೈನ್ಮೆಂಟ್ ವಾಪಸ್ ಬಂದಾಗ 18 ಪುಟಕ್ಕೂ ಕೆಂಪು ಟಿಕ್, ಕೊನೇಲಿ ‘ಗುಡ್’ ಅಂತ, ಅಷ್ಟೇ, ಓದಿದ್ರೋ ತೂಕ ಹಾಕಿದ್ರೋ ಗೊತ್ತಾಗ್ಲಿಲ್ಲ.

ಎರಡನೇ ಸಲ ಬೇರೆ ಮೇಡಂ. ಬೇಲೂರು ಚೆನ್ನಕೇಶವ ದೇವಸ್ಥಾನದ ಬಗ್ಗೆ ಬರೆದಿದ್ದೆ, 1117ರಲ್ಲಿ ವಿಷ್ಣುವರ್ಧನ ತಲಕಾಡು ಗೆದ್ದ ನೆನಪಿಗೆ ಕಟ್ಸಿದ ಅಂತ, ಚಿಕ್ಕಂದಿನಿಂದ ಗೈಡ್‌ಗಳು ಹೇಳೋದನ್ನ ಕೇಳಿ ಕೇಳಿ ಹಾಗೇ ಇಳಿಸ್ಬಿಟ್ಟಿದ್ದೆ. ಮಾರ್ಜಿನ್ನಲ್ಲಿ ಪೆನ್ಸಿಲಲ್ಲಿ ಬರೆದಿದ್ರು, ‘ಇಸವಿ ಸರಿ. ಕಾರಣಕ್ಕೆ ಆಧಾರ ಏನು? ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆ ಸಂಪುಟ ತೆಗೆದು ಶಾಸನ ಓದಿ, ಆಮೇಲೆ ಈ ಪ್ಯಾರಾ ತಿರುಗಿ ಬರೀರಿ.’ ಮಾರ್ಕ್ಸ್ ಕಮ್ಮೀನೇ ಕೊಟ್ಟಿದ್ರು, ಆದ್ರೂ ಬೇಜಾರಾಗ್ಲಿಲ್ಲ, ಮುಂದೆ ಏನ್ ಮಾಡ್ಬೇಕು ಅಂತ ಗೊತ್ತಾಯ್ತಲ್ಲ.

ಒಂದೇ ತಕರಾರು, ಇದು ಕೈಗೆ ಸಿಕ್ಕಿದ್ದು ಪರೀಕ್ಷೆ ಮುಗಿದು ಎರಡು ವಾರ ಆದ್ಮೇಲೆ. ತಿದ್ಕೊಳ್ಳೋದು ಯಾವಾಗ ಸ್ವಾಮಿ? ಮೇಡಂಗೆ ಐದಕ್ಕೆ ಐದು ಸ್ಟಾರ್, ಆಫೀಸಿಗೆ ಎರಡು, ಅದೂ ಕೌಂಟರಲ್ಲಿದ್ದ ಅಣ್ಣ ಬಂಡಲ್ ಬಿಚ್ಚಿ ಹುಡುಕಿ ಕೊಟ್ಟಿದ್ದಕ್ಕೆ.